30×40 ಸೈಟಿನ ಹಿತ್ತಲಲ್ಲಿ ನಾಲ್ಕು ಕೋಳಿ: ಗೂಡು ಹೇಗೆ ಕಟ್ಟಲಿ?

ಹಿತ್ತಲಮನೆ, ದಾವಣಗೆರೆ · ಜನವರಿ 19

ಎಲ್ಲರಿಗೂ ನಮಸ್ಕಾರ. ನಮ್ಮದು ನಿಟುವಳ್ಳಿ ಕಡೆ 30×40 ಸೈಟು. ಮನೆ ಕಟ್ಟಿ ಉಳಿದಿದ್ದು ಹಿಂದೆ ಎಂಟು ಅಡಿ ಅಗಲದ ಒಂದು ಪಟ್ಟಿ. ಅದರಲ್ಲೇ ಒಂದು ನುಗ್ಗೆ, ಒಂದು ಕರಿಬೇವು, ಬಟ್ಟೆ ಒಣಗಿಸುವ ತಂತಿ, ಅಮ್ಮನ ಒಗೆಯುವ ಕಲ್ಲು. ಮಗಳು ಆರನೇ ಕ್ಲಾಸು. ದಸರಾ ರಜೆಗೆ ಊರಿಗೆ ಹೋಗಿ ಬಂದಾಗಿನಿಂದ ಕೋಳಿ ಬೇಕು ಅಂತ ಹಟ. ನನಗೂ ಆಸೆ ಇಲ್ಲ ಅಂತಲ್ಲ. ಚಿಕ್ಕವನಿದ್ದಾಗ ಜಗಳೂರು ಕಡೆ ಅಜ್ಜಿ ಮನೆಯಲ್ಲಿ ಸಂಜೆ ಕೋಳಿ ಎಣಿಸಿ ಬುಟ್ಟಿ ಕವುಚುವ ಕೆಲಸ ನನ್ನದೇ ಇತ್ತು.

ನಾಲ್ಕು ಹ್ಯಾಟೆ ಸಾಕು. ಹುಂಜ ಬೇಡ. ತತ್ತಿ ಮನೆಗೆ ಆದರೆ ಆಯ್ತು, ವ್ಯಾಪಾರ ಏನಿಲ್ಲ. ಹುಂಜ ಇಲ್ಲದೆ ತತ್ತಿ ಇಡುತ್ತವಾ ಅಂತ ಹೆಂಡತಿ ಕೇಳುತ್ತಿದ್ದಾಳೆ. ಆನ್‌ಲೈನಿನಲ್ಲಿ ಬಣ್ಣ ಬಳಿದ ಮರದ ಗೂಡು ನೋಡಿದೆ, ಬೊಂಬೆ ಮನೆ ಇದ್ದ ಹಾಗಿದೆ, ರೇಟು ಕೇಳಿದರೆ ಎದೆ ಒಡೆಯುತ್ತೆ. ಇನ್ನೊಂದು ವಿಷಯ. ಎಡಗಡೆ ಗೋಡೆಯ ಆಚೆ ಒಬ್ಬರು ಅಜ್ಜಿ ಇದ್ದಾರೆ. ಪೂರಾ ಸಸ್ಯಾಹಾರಿ. ಜಗಳ ಆಗಬಾರದು. ಅನುಭವ ಇದ್ದವರು ಹೇಳಿ.

ಕೋಟೆಗಾಳಿ, ಚಿತ್ರದುರ್ಗ · ಜನವರಿ 19

ಹುಂಜ ಇಲ್ಲದೆ ಧಾರಾಳವಾಗಿ ಇಡುತ್ತವೆ ಅಂತ ಮನೆಯವರಿಗೆ ಹೇಳಿ. ಕಾವಿಗೆ ಕೂರಿಸಿದರೆ ಮರಿ ಆಗಲ್ಲ, ಅಷ್ಟೇ.

ನಾನು ಆರು ವರ್ಷದಿಂದ ಐದಾರು ಕೋಳಿ ಸಾಕಿದ್ದೇನೆ. ಮೊದಲ ಗೂಡು ತಪ್ಪು ಕಟ್ಟಿದ್ದೆ, ಎರಡನೆಯದೂ ತಪ್ಪು. ಈಗಿರುವುದು ಮೂರನೆಯದು. ಹೊಸಬರು ಎಲ್ಲರೂ ತಳಿ ಯಾವುದು ಅಂತ ಕೇಳುತ್ತಾರೆ. ನೀವು ಗೂಡು ಕೇಳಿದ್ದೀರಿ, ಅರ್ಧ ಗೆದ್ದಿರಿ.

ಗೂಡು ಅಂದರೆ ಎರಡು ಜಾಗ ಅಂತ ತಿಳಿದುಕೊಳ್ಳಿ. ರಾತ್ರಿ ಮಲಗುವುದು ಒಂದು, ಹಗಲು ಕೆದಕುವುದು ಒಂದು. ಮಲಗುವುದಕ್ಕೆ ನಾಲ್ಕು ಕೋಳಿಗೆ 4 ಅಡಿ ಉದ್ದ, 3 ಅಡಿ ಅಗಲ ಸಾಕು. ಅವು ರಾತ್ರಿ ಏನೂ ಮಾಡುವುದಿಲ್ಲ, ಕೋಲಿನ ಮೇಲೆ ಸಾಲಾಗಿ ಕೂತು ನಿದ್ದೆ ಹೊಡೆಯುತ್ತವೆ. ಹಗಲಿಗೆ ಮಾತ್ರ ಒಂದಕ್ಕೆ 8ರಿಂದ 10 ಚದರ ಅಡಿ ಬೇಕು. ಇಕ್ಕಟ್ಟಾದರೆ ಒಂದರ ಗರಿ ಒಂದು ಕೀಳುತ್ತವೆ. ರಕ್ತ ಕಂಡರೆ ಎಲ್ಲವೂ ಸೇರಿ ಅದನ್ನೇ ಕುಕ್ಕುತ್ತವೆ.

ಗೂಡನ್ನು ನೆಲದಿಂದ ಒಂದೂವರೆ ಅಡಿಯಾದರೂ ಎತ್ತಿಸಿ. ಕೆಳಗಿನ ನೆರಳಲ್ಲೇ ಮಧ್ಯಾಹ್ನ ಮಲಗುತ್ತವೆ. ಉದ್ದ ಪೂರ್ವ–ಪಶ್ಚಿಮಕ್ಕೆ ಇರಲಿ, ಆಗ ಬೆಳಗಿನ ಬಿಸಿಲು, ಸಂಜೆ ಬಿಸಿಲು ಅಗಲವಾದ ಮೈಗೆ ಹೊಡೆಯುವುದಿಲ್ಲ. ನಮ್ಮ ಊರಲ್ಲಿ ಜೂನ್ ಬಂದರೆ ಪಶ್ಚಿಮದ ಗಾಳಿ ಹೇಗೆ ಬೀಸುತ್ತೆ ಅಂತ ಗೊತ್ತಲ್ವಾ, ಗುಡ್ಡದ ಮೇಲೆ ಗಾಳಿಗಿರಣಿ ಸುಮ್ನೆ ನಿಲ್ಲಿಸಿಲ್ಲ. ಪಶ್ಚಿಮದ ಗೋಡೆ ಪೂರ್ತಿ ಮುಚ್ಚಿ. ಉಳಿದ ಮೂರು ಕಡೆ ಮೇಲ್ಭಾಗ ಜಾಲರಿ ಇರಲಿ. ಗಾಳಿ ಕೋಳಿಯ ತಲೆ ಮೇಲೆ ಹಾದು ಹೋಗಬೇಕು, ಮೈಗೆ ಹೊಡೆಯಬಾರದು.

ಹಳೇಪೇಟೆ ಹುಡುಗ, ದಾವಣಗೆರೆ · ಜನವರಿ 19

ಅಕ್ಕಾರೇ, ನಮ್ಮ ರೂಮಿಗೇ ಇಷ್ಟು ವಾಸ್ತು ನೋಡಿಲ್ಲ.

ಕಬ್ಬಿಣದ ಕೆಲಸ, ದಾವಣಗೆರೆ · ಜನವರಿ 20

ಅಣ್ಣಾ, ಗೂಡು ನಾನು ಹತ್ತಿಪ್ಪತ್ತು ಮಾಡಿಕೊಟ್ಟಿದ್ದೇನೆ. ಮುಕ್ಕಾಲು ಇಂಚಿನ ಚೌಕದ ಪೈಪಿನ ಫ್ರೇಮು ಸಾಕು. ಗುಜರಿಯಲ್ಲಿ ಹಳೆ ಕಿಟಕಿ ಗ್ರಿಲ್ ಸಿಕ್ಕರೆ ಬಾಗಿಲಿಗೆ ಅದೇ ಆಗುತ್ತೆ. ದುಡ್ಡು ಉಳಿಸುವುದಾದರೆ ಫ್ರೇಮಿನಲ್ಲಿ ಉಳಿಸಿ, ಜಾಲರಿಯಲ್ಲಿ ಬೇಡ. ಅಂಗಡಿಯಲ್ಲಿ ಕೋಳಿ ಜಾಲರಿ ಅಂತ ಆರು ಮೂಲೆಯ ತೆಳು ತಂತಿಯದು ಕೊಡುತ್ತಾರೆ. ಅದು ಕೋಳಿಗೆ ಬೇಲಿ, ಬೆಕ್ಕಿಗಲ್ಲ. ಅರ್ಧ ಇಂಚು ಕಿಂಡಿಯ ವೆಲ್ಡ್ ಮೆಶ್, ಅಂದರೆ ತಂತಿ ಬೆಸೆದ ಗಟ್ಟಿ ಜಾಲರಿ, ತೆಗೆದುಕೊಳ್ಳಿ. ಬಾಗಿಲಿಗೆ ಚಿಲಕ ಮಾತ್ರ ಅಲ್ಲ, ಚಿಲಕಕ್ಕೆ ಒಂದು ಕೊಂಡಿನೂ ಹಾಕಿಸಿ.

ತಗಡಿನ ಮಾಡು ಹಾಕಿದರೆ ಏಪ್ರಿಲ್‌ನಲ್ಲಿ ಒಳಗೆ ದೋಸೆ ಹುಯ್ಯಬಹುದು. ಮೇಲೆ ತೆಂಗಿನ ಗರಿ ಎರಡು ಪದರ ಹಾಸಿ ಕಟ್ಟಿಬಿಡಿ.

ಪಶು ಆಸ್ಪತ್ರೆಯಲ್ಲಿ ಇದ್ದವನು, ಹರಿಹರ · ಜನವರಿ 20

ನಿವೃತ್ತನಾಗಿ ನಾಲ್ಕು ವರ್ಷ ಆಯಿತು. ಕೇಳದೇ ಇದ್ದರೂ ತಳಿ ಬಗ್ಗೆ ಎರಡು ಮಾತು ಹೇಳುತ್ತೇನೆ.

ನಾಟಿ ಕೋಳಿ ಗಟ್ಟಿ, ಆದರೆ ವರ್ಷಕ್ಕೆ 60–80 ಮೊಟ್ಟೆ. ಹದಿನೈದು ಇಟ್ಟು ಕಾವಿಗೆ ಕೂತುಬಿಡುತ್ತದೆ. ಸುತ್ತ ಎಂಟಡಿ ಗೋಡೆ ಇದ್ದರೂ ಹಾರುತ್ತದೆ. ಗಿರಿರಾಜ ಹೆಬ್ಬಾಳದ ಪಶುವೈದ್ಯಕೀಯ ಕಾಲೇಜಿನಲ್ಲಿ ಹಿತ್ತಲಿಗೆಂದೇ ಬೆಳೆಸಿದ ತಳಿ, 1989ರಲ್ಲಿ ಬಿಡುಗಡೆ ಆಯಿತು. ಆಮೇಲೆ ಬಂದದ್ದು ಸ್ವರ್ಣಧಾರ. ಗಿರಿರಾಜನ ಮೈ ಭಾರ, ವರ್ಷಕ್ಕೆ 130–150 ಮೊಟ್ಟೆ. ಸ್ವರ್ಣಧಾರ ಮೈಯಲ್ಲಿ ಹಗುರ, 180ರ ತನಕ ಇಡುತ್ತದೆ. ಎರಡೂ ಕಾವಿಗೆ ಕೂರುವ ಗೋಜಿಗೆ ಹೋಗುವುದಿಲ್ಲ. ನಿಮಗೆ ಸ್ವರ್ಣಧಾರ ಸರಿ.

ಮರಿ ತರುವಾಗ ಲಸಿಕೆ ಯಾವುದು ಆಗಿದೆ ಎಂದು ಕೇಳಿ. ಕೊಕ್ಕರೆ ರೋಗಕ್ಕೆ (ರಾಣಿಖೇತ್) ಮೊದಲ ವಾರದಲ್ಲಿ ಕಣ್ಣಿಗೋ ಮೂಗಿಗೋ ಒಂದು ಹನಿ, ಎಂಟನೇ ವಾರದ ಹೊತ್ತಿಗೆ ರೆಕ್ಕೆ ಕೆಳಗೆ ಚುಚ್ಚುಮದ್ದು. ಸಿಡುಬಿಗೂ ಒಂದಿದೆ. ಸಿಡುಬು ಸೊಳ್ಳೆಯಿಂದಲೂ ಹರಡುತ್ತದೆ, ನಮ್ಮೂರ ಚರಂಡಿ ನೋಡಿದರೆ ಬಿಡಿಸಿ ಹೇಳಬೇಕಿಲ್ಲ. ತೊಂದರೆ ಏನೆಂದರೆ ಲಸಿಕೆಯ ಸೀಸೆ ಬರುವುದೇ ನೂರು, ಇನ್ನೂರು ಕೋಳಿಯ ಲೆಕ್ಕದಲ್ಲಿ. ಕಲಸಿದ ಮೇಲೆ ಒಂದೆರಡು ಗಂಟೆಯಲ್ಲಿ ಮುಗಿಸಬೇಕು. ನಾಲ್ಕು ಕೋಳಿಗೆ ಯಾರೂ ಸೀಸೆ ಒಡೆಯುವುದಿಲ್ಲ. ಅದಕ್ಕೇ ಪಶು ಆಸ್ಪತ್ರೆಯಲ್ಲಿ ಲಸಿಕೆ ಹಾಕುವ ದಿನ ಕೇಳಿಕೊಂಡು ಬುಟ್ಟಿಯಲ್ಲಿ ಒಯ್ಯಿರಿ.

ಬಾಡಿಗೆಮನೆ, ದಾವಣಗೆರೆ · ಜನವರಿ 21

ನಾವು ವಿನೋಬನಗರದಲ್ಲಿ ಬಾಡಿಗೆಗೆ ಇದ್ದೇವೆ. ಮಾಲೀಕರಿಗೆ ಹೇಳದೆ ಎರಡು ಕೋಳಿ ತಂದೆ, ಒಂದು ವಾರಕ್ಕೆ ಮನೆ ಖಾಲಿ ಮಾಡಿ ಅಂದರು. ಕೊನೆಗೆ ಕೋಳಿ ಖಾಲಿ ಮಾಡಿದೆ. ಕಟ್ಟುವ ಮೊದಲೇ ಅಜ್ಜಿಗೆ ಒಂದು ಮಾತು ಹೇಳಿಬಿಡಿ ಅಣ್ಣ. ಪಾಲಿಕೆಗೆ ದೂರು ಹೋದರೆ ಬಂದು ನೋಡುವುದು ವಾಸನೆ, ನೊಣ, ಗಲಾಟೆ. ತಳಿ ಯಾವುದು ಅಂತ ಯಾರೂ ಕೇಳುವುದಿಲ್ಲ.

ಹಳೇಪೇಟೆ ಹುಡುಗ, ದಾವಣಗೆರೆ · ಜನವರಿ 21

ತಿಂಗಳಿಗೆ ಹತ್ತು ತತ್ತಿ ಕೊಡಿ, ಅಜ್ಜಿ ಬಾಯಿ ಬಂದ್.

ಹಿತ್ತಲಮನೆ · ಜನವರಿ 21

ಸಸ್ಯಾಹಾರಿ ಅಂತ ಬರೆದಿದ್ದೇನಲ್ಲೋ ಮಾರಾಯ. ತತ್ತಿ ಹಿಡಿದು ಹೋದರೆ ನನ್ನನ್ನೇ ಅಟ್ಟಿಸಿಕೊಂಡು ಬರುತ್ತಾರೆ.

ಇವತ್ತು ಬೆಳಿಗ್ಗೆ ಹೋಗಿ ಹೇಳಿದೆ. ಅಜ್ಜಿ ಹೂ ಕಟ್ಟುತ್ತಾ ಕೂತಿದ್ದರು. ತಲೆ ಎತ್ತದೆ, "ನಿಮ್ಮ ಮನಿ, ನಿಮ್ಮ ಕೋಳಿ. ನನ್ನ ತುಳಸಿ ಕಟ್ಟೆ ಹತ್ತಿದ್ರೆ ಮಾತ್ರ ನೋಡು" ಅಂದರು. ಒಪ್ಪಿಗೆ ಅಂತ ಅಂದುಕೊಂಡು ಎದ್ದು ಬಂದೆ.

ಹಿತ್ತಲಮನೆ · ಫೆಬ್ರುವರಿ 16

ಗೂಡು ಆಯ್ತು. 4×3 ಅಡಿ, ಕಾಲು ಒಂದೂವರೆ ಅಡಿ. ನೆಲಕ್ಕೆ ಸಿಮೆಂಟ್ ಶೀಟು, ಅದರ ಮೇಲೆ ನಾಲ್ಕು ಇಂಚು ಭತ್ತದ ಹೊಟ್ಟು. ಹೊಟ್ಟಿಗೆ ನಮ್ಮೂರಲ್ಲಿ ಬರವಿಲ್ಲ, ಅಕ್ಕಿ ಗಿರಣಿಯಲ್ಲಿ ಒಂದು ಚೀಲ ಕೇಳಿದರೆ ಎರಡು ಒಯ್ಯಿ ಅಂದರು. ಕೂರುವುದಕ್ಕೆ ಬೇವಿನ ಕೋಲು. ತತ್ತಿ ಇಡುವುದಕ್ಕೆ ಒಂದಡಿ ಚೌಕದ ಹಣ್ಣಿನ ಪೆಟ್ಟಿಗೆ. ಎಲ್ಲ ಸೇರಿ 6,400 ರೂಪಾಯಿ. ಎರಡು ತಿಂಗಳ ಸ್ವರ್ಣಧಾರ ನಾಲ್ಕು ತಂದೆ, ನಾಲ್ಕೂ ಹ್ಯಾಟೆ ಅಂತ ಕೊಟ್ಟವನು ಆಣೆ ಮಾಡಿದ್ದಾನೆ. ಮಗಳು ಹೆಸರಿಟ್ಟಿದ್ದಾಳೆ: ಬೆಣ್ಣೆ, ದೋಸೆ, ಮಂಡಕ್ಕಿ, ಮಿರ್ಚಿ.

ಕಬ್ಬಿಣದ ಕೆಲಸ ಅಣ್ಣ ಬೈಯಬಾರದು. ಮುಂದಿನ ಬಾಗಿಲಿಗೆ ವೆಲ್ಡ್ ಮೆಶ್ ಹಾಕಿಸಿದೆ. ಗೋಡೆ ಕಡೆ ಹಿಂಭಾಗಕ್ಕೆ ಆರು ಮೂಲೆ ಜಾಲರಿಯನ್ನೇ ಹೊಡೆದೆ. ಅಲ್ಲಿ ಒಂದಡಿ ಸಂದಿ, ಯಾರು ಬರುತ್ತಾರೆ?

ಕೋಟೆಗಾಳಿ · ಫೆಬ್ರುವರಿ 16

ಕೋಲು ತತ್ತಿ ಪೆಟ್ಟಿಗೆಗಿಂತ ಎತ್ತರದಲ್ಲಿ ಇದೆ ತಾನೇ? ಕೋಳಿ ಎತ್ತರ ಎಲ್ಲಿದೆಯೋ ಅಲ್ಲೇ ಮಲಗುವುದು. ಪೆಟ್ಟಿಗೆ ಎತ್ತರ ಇದ್ದರೆ ಅದರಲ್ಲೇ ಮಲಗಿ ಹಿಕ್ಕೆ ಹಾಕುತ್ತೆ, ಬೆಳಿಗ್ಗೆ ತತ್ತಿ ಅದರ ಮೇಲೆ. ಕೋಲು ಎರಡು ಇಂಚು ದಪ್ಪ, ಅಂಚು ದುಂಡಗೆ ಇರಲಿ. ಒಂದಕ್ಕೆ ಒಂಬತ್ತು ಇಂಚಿನ ಹಾಗೆ ಜಾಗ ಬಿಡಿ. ಕೋಲಿನ ಕೆಳಗೆ ಒಂದು ತಗಡಿನ ತಟ್ಟೆ ಇಡಿ. ಹಿಕ್ಕೆಯಲ್ಲಿ ಹೆಚ್ಚೂಕಡಿಮೆ ಅರ್ಧದಷ್ಟು ರಾತ್ರಿ ಹೊತ್ತಲ್ಲೇ ಬೀಳುವುದು. ಬೆಳಿಗ್ಗೆ ಹಲ್ಲುಜ್ಜುವ ಮೊದಲು ತಟ್ಟೆ ಬಳಿದುಬಿಟ್ಟರೆ ಹೊಟ್ಟು ಬಹಳ ದಿನ ಒಣಗಿರುತ್ತೆ.

ಹಿಂದಿನ ಜಾಲರಿ ಬದಲಾಯಿಸಿ.

ಚಳ್ಳಕೆರೆ ಎಣ್ಣೆ · ಫೆಬ್ರುವರಿ 18

ಮೇವು ಏನು ಹಾಕುತ್ತಿದ್ದೀರಿ? ದಾವಣಗೆರೆಯವರು ಮೆಕ್ಕೆಜೋಳ ಒಂದೇ ಸುರಿಯುತ್ತಾರೆ, ಸುತ್ತ ಅದೇ ಬೆಳೆ ನೋಡಿ. ಮೆಕ್ಕೆಜೋಳದಲ್ಲಿ ಪ್ರೋಟೀನ್ ನೂರಕ್ಕೆ 8–9. ಮೊಟ್ಟೆ ಇಡುವ ಕೋಳಿಗೆ 16–17 ಬೇಕು. ಬರೀ ಜೋಳ ತಿಂದ ಕೋಳಿ ಕೊಬ್ಬುತ್ತೆ, ಮೊಟ್ಟೆ ಇಡುವುದಿಲ್ಲ. ಅಂಗಡಿಯ ಮೇವು ಬೇಡ ಅನ್ನುವವರು ಜೋಳದ ನುಚ್ಚು, ಅಕ್ಕಿ ತೌಡು, ಕಡಲೆಕಾಯಿ ಹಿಂಡಿ ಸೇರಿಸುತ್ತಾರೆ. ಹಿಂಡಿ ನಮ್ಮೂರ ಗಾಣದ್ದೇ ಆದರೂ ಮುರಿದು ಮೂಸಿ ನೋಡಿ. ಬೂಸ್ಟು ವಾಸನೆ ಬಂದರೆ ಬಿಸಾಕಿ. ಆ ಬೂಸ್ಟಿನ ವಿಷ ಕೋಳಿಯ ಈಲಿ ತಿಂದುಹಾಕುತ್ತೆ, ಕುದಿಸಿದರೂ ಹೋಗುವುದಿಲ್ಲ. ನಾಲ್ಕೇ ಕೋಳಿ ಅಂದರೆ ನಿಜ ಹೇಳಬೇಕೆಂದರೆ ಮಿಶ್ರಣದ ತಲೆನೋವು ಬೇಡ. ಈಗ ಬೆಳೆಯುವ ಕೋಳಿಯ ಮೇವು ಹಾಕಿ, ಮೊಟ್ಟೆ ಶುರುವಾದ ಮೇಲೆ ಲೇಯರ್ ಮ್ಯಾಶ್, ಅಂದರೆ ಮೊಟ್ಟೆ ಕೋಳಿಯ ಪುಡಿ ಮೇವು. ದೊಡ್ಡದಾದ ಮೇಲೆ ಒಂದಕ್ಕೆ ದಿನಕ್ಕೆ 110–120 ಗ್ರಾಂ ಲೆಕ್ಕ. ನುಗ್ಗೆ ಸೊಪ್ಪು ಮನೆಯದೇ ಇದೆ, ಕಟ್ಟಿ ನೇತುಹಾಕಿ.

ಹಳೇಪೇಟೆ ಹುಡುಗ · ಫೆಬ್ರುವರಿ 18

ದಾವಣಗೆರೆ ಕೋಳಿ ಅಂದಮೇಲೆ ಮಂಡಕ್ಕಿ ಮೆಣಸಿನಕಾಯಿ ಕೊಡಲ್ವಾ?

ಪಶು ಆಸ್ಪತ್ರೆಯಲ್ಲಿ ಇದ್ದವನು · ಫೆಬ್ರುವರಿ 19

ಹುಡುಗ ತಮಾಷೆಗೆ ಕೇಳಿದ್ದಾನೆ, ಆದರೂ ಹೇಳುತ್ತೇನೆ. ಹಕ್ಕಿಗಳಿಗೆ ಮೆಣಸಿನಕಾಯಿಯ ಖಾರ ತಿಳಿಯುವುದೇ ಇಲ್ಲ. ನಮಗೆ ನಾಲಿಗೆ ಉರಿಸುವ ಅಂಶ ಅವಕ್ಕೆ ತಾಕುವುದಿಲ್ಲ. ಹಸಿಮೆಣಸು ಹಾಕಿದರೆ ಬೀಜ ಸಮೇತ ತಿನ್ನುತ್ತವೆ. ಆದರೆ ಮಿರ್ಚಿ ಬಜ್ಜಿಯ ಎಣ್ಣೆ, ಉಪ್ಪು ಬೇಡ. ಮಂಡಕ್ಕಿಯಲ್ಲಿ ಗಾಳಿ ಬಿಟ್ಟರೆ ಹೆಚ್ಚೇನಿಲ್ಲ, ಹೊಟ್ಟೆ ತುಂಬಿದ ಹಾಗೆ ಆಗಿ ಮೇವು ಬಿಡುತ್ತವೆ.

ಮಂಡಕ್ಕಿಗಿಂತ ಮಂಡಕ್ಕಿ ಭಟ್ಟಿಯ ಬೂದಿ ತನ್ನಿ. ಹೊಟ್ಟು ಉರಿಸಿದ್ದೇ ಎಂದು ಕೇಳಿ ತನ್ನಿ. ಒಣಮಣ್ಣಿಗೆ ಆ ಬೂದಿ ಬೆರೆಸಿ ಹಳೆ ಬಾಣಲೆಯಲ್ಲಿ ಇಟ್ಟರೆ ಅದರಲ್ಲಿ ಹೊರಳಾಡುತ್ತವೆ. ಹೇನು ಹೋಗುವುದು ಹಾಗೆಯೇ. ಕೋಳಿಗೆ ಸ್ನಾನ ಎಂದರೆ ಅದು, ನೀರಲ್ಲ.

ಹಿತ್ತಲಮನೆ · ಮಾರ್ಚ್ 9

ಬೈಯಿರಿ. ಬೈಸಿಕೊಳ್ಳುವುದಕ್ಕೇ ಬಂದಿದ್ದೇನೆ.

ನಿನ್ನೆ ರಾತ್ರಿ ಎರಡು ಗಂಟೆಗೆ ಕಿರುಚಾಟ. ಟಾರ್ಚು ಹಿಡಿದು ಹೋಗುವಷ್ಟರಲ್ಲಿ ಸದ್ದಿಲ್ಲ. ಬಾಗಿಲು ಭದ್ರ, ಚಿಲಕ ಹಾಕಿದ ಹಾಗೇ ಇತ್ತು. ಹಿಂದಿನ ಸಂದಿಗೆ ಟಾರ್ಚು ಬಿಟ್ಟರೆ ಜಾಲರಿ ಒಂದು ಕಡೆ ಹೊರಕ್ಕೆ ಉಬ್ಬಿಕೊಂಡಿದೆ, ನಾಲ್ಕು ಕಿಂಡಿ ಒಂದಾಗಿ ಅಂಗೈ ಹೋಗುವಷ್ಟು ತೂತು. ಅದರ ತಂತಿಗೆ ಕಂದು ಗರಿ ಅಂಟಿಕೊಂಡಿತ್ತು. ದೋಸೆ ಜಾಲರಿಗೆ ಒರಗಿ ಹಾಗೇ ಇದ್ದಳು. ಕತ್ತು ಇರಲಿಲ್ಲ. ಉಳಿದ ಮೂರು ಕೋಲಿನ ಆ ತುದಿಯಲ್ಲಿ ಒಂದರ ಮೈಮೇಲೆ ಒಂದು ಒತ್ತಿಕೊಂಡು ಕೂತಿದ್ದವು. ಮುಟ್ಟಿದರೂ ಅಲ್ಲಾಡಲಿಲ್ಲ.

ಮಗಳು ಏಳುವ ಮೊದಲು ನುಗ್ಗೆ ಬುಡದಲ್ಲಿ ಹೂತೆ. ಊರಿಗೆ ಕಳಿಸಿದೆ ಅಂತ ಹೇಳೋಣ ಅಂದಳು ಹೆಂಡತಿ. ನನ್ನ ಕೈಲಿ ಆಗಲಿಲ್ಲ, ಇದ್ದದ್ದು ಹೇಳಿದೆ. ಸ್ಕೂಲಿಗೆ ಹೋಗಲಿಲ್ಲ. ಮುಂಗುಸಿ ಕೆಲಸ ಅಂತ ಅಮ್ಮ ಹೇಳುತ್ತಿದ್ದಾರೆ.

ಕೋಟೆಗಾಳಿ · ಮಾರ್ಚ್ 9

ಬೈಯುವುದಿಲ್ಲ ತಮ್ಮಾ. ನನ್ನ ಎರಡನೇ ಗೂಡು ಯಾಕೆ ತಪ್ಪು ಅಂದೆ ಅಂತ ಈಗ ಗೊತ್ತಾಯ್ತಲ್ಲ. ಒಂದೇ ರಾತ್ರಿಗೆ ಮೂರು ಹೋಗಿದ್ದವು.

ಅಮ್ಮನಿಗೆ ಹೇಳಿ, ಮುಂಗುಸಿ ಅಲ್ಲ. ಮುಂಗುಸಿ ಹಗಲು ಬೇಟೆಯದು, ರಾತ್ರಿ ಬಿಲ ಬಿಟ್ಟು ಬರುವುದಿಲ್ಲ. ಮಧ್ಯಾಹ್ನ ಮನೆಯಲ್ಲಿ ಎಲ್ಲರೂ ಮಲಗಿದಾಗ ಬರುವುದು ಅದು. ರಾತ್ರಿ ಎರಡು ಗಂಟೆ ಅಂದರೆ ಬೆಕ್ಕು, ಇಲ್ಲಾ ಪುನುಗು ಬೆಕ್ಕು. ಜಾಲರಿಯ ಆಚೆ ಓಡಾಡಿ ಹೆದರಿಸುತ್ತೆ. ಕತ್ತಲಲ್ಲಿ ಕೋಳಿಗೆ ಕಣ್ಣು ಕಾಣಲ್ಲ, ಗಾಬರಿಗೆ ಬಂದು ಜಾಲರಿಗೇ ಬಡಿದುಕೊಳ್ಳುತ್ತೆ. ಆಗ ಸಿಕ್ಕಿದ್ದನ್ನು ಎಳೆಯುತ್ತೆ. ಇವತ್ತು ರಾತ್ರಿನೂ ಬರುತ್ತೆ, ನಾಳೆನೂ ಬರುತ್ತೆ. ರುಚಿ ಸಿಕ್ಕಿದೆ. ಮೂರನ್ನೂ ಇವತ್ತು ಬಾತ್‌ರೂಮಿನಲ್ಲಿ ಬುಟ್ಟಿ ಕವುಚಿ ಮಲಗಿಸಿ.

ಕಬ್ಬಿಣದ ಕೆಲಸ · ಮಾರ್ಚ್ 9

ಇಲ್ಲಿ ಅಂಗಡಿಯಲ್ಲಿ ಆರು ಅಡಿ ಮೆಶ್ ತುಂಡು ಬಿದ್ದಿದೆ. ಸಂಜೆ ಬರುತ್ತೇನೆ. ದುಡ್ಡಿನ ಮಾತು ಆಮೇಲೆ. ಗೂಡಿನ ಸುತ್ತ ನೆಲದಲ್ಲೂ ಒಂದಡಿ ಅಗಲಕ್ಕೆ ಮೆಶ್ ಹಾಸಿ ಮೇಲೆ ಇಟ್ಟಿಗೆ ಇಡೋಣ. ಹೆಗ್ಗಣ ಗೋಡೆ ಬುಡದಿಂದಲೇ ತೋಡುವುದು. ಹಾಸು ಸಿಕ್ಕರೆ ಅಲ್ಲಿಗೇ ನಿಲ್ಲಿಸುತ್ತೆ, ಹಿಂದೆ ಸರಿದು ತೋಡುವ ಬುದ್ಧಿ ಅದಕ್ಕಿಲ್ಲ.

ಹಿತ್ತಲಮನೆ · ಏಪ್ರಿಲ್ 13

ಎರಡು ಸುದ್ದಿ. ಗೂಡು ಈಗ ಕೋಟೆ. ಬೆಕ್ಕು ಬಂದು ಮಾಡಿನ ಮೇಲೆ ಕೂತು ಹೋಗುತ್ತಿದೆ, ಅಷ್ಟೇ.

ಎರಡನೆಯದು: ಬೆಳಗಿನ ಜಾವ ನಾಲ್ಕೂವರೆಗೆ ಮಿರ್ಚಿ ಕೂಗಿದಳು. ಕೂಗಿದನು. ಮೊದಲ ದಿನ ಗಂಟಲಲ್ಲಿ ಏನೋ ಸಿಕ್ಕಿಕೊಂಡ ಹಾಗಿತ್ತು, ಅಮ್ಮ ನೀರು ಕುಡಿಸಲು ಎದ್ದರು. ಈಗ ಎರಡು ಬೀದಿಗೆ ಕೇಳುತ್ತೆ. ಆಣೆ ಮಾಡಿದ ಪುಣ್ಯಾತ್ಮನ ಫೋನು ಸ್ವಿಚ್ ಆಫ್.

ಹಳೇಪೇಟೆ ಹುಡುಗ · ಏಪ್ರಿಲ್ 13

ಮುಂದಿನ ದುಗ್ಗಮ್ಮನ ಜಾತ್ರೆಗೆ ಇಟ್ಟುಕೊಳ್ಳಿ. ನಾನೂ ಬರುತ್ತೇನೆ.

ಪಶು ಆಸ್ಪತ್ರೆಯಲ್ಲಿ ಇದ್ದವನು · ಏಪ್ರಿಲ್ 13

ಮೂರು ತಿಂಗಳ ಹೊತ್ತಿಗೆ ಬಾಲದ ಮುಂದೆ, ಸೊಂಟದ ಮೇಲಿನ ಗರಿ ನೋಡಬೇಕು. ಹ್ಯಾಟೆಯದು ತುದಿ ದುಂಡಗೆ. ಹುಂಜನದು ಸಣ್ಣಗೆ ಚೂಪಾಗಿ ಇಳಿಬಿದ್ದಿರುತ್ತದೆ, ಹೊಳಪು ಬೇರೆ. ಜುಟ್ಟು ನೋಡಿ ಮೋಸ ಹೋಗಬಹುದು, ಆ ಗರಿ ನೋಡಿ ಹೋಗುವುದಿಲ್ಲ. ಊರಿಗೆ ಕಳಿಸಿ. ಪೇಟೆಯಲ್ಲಿ ಹುಂಜ ಇಟ್ಟುಕೊಂಡು ನೆರೆಯವರೊಡನೆ ಸಂಬಂಧ ಇಟ್ಟುಕೊಳ್ಳಲು ಆಗುವುದಿಲ್ಲ.

ಹಿತ್ತಲಮನೆ · ಏಪ್ರಿಲ್ 20

ಮಿರ್ಚಿ ಜಗಳೂರು ಬಸ್ಸು ಹತ್ತಿದ. ಚಿಕ್ಕಮ್ಮನ ಮನೆಯಲ್ಲಿ ಇದ್ದಾನೆ, ಸದ್ಯಕ್ಕೆ. ಅಜ್ಜಿ ಮಾತ್ರ "ಅಲಾರಂ ನಿಂತೋತಲ್ಲ, ನಾನು ಏಳೂವರಿಗಿಂಟ ಮಲ್ಕಂಡಿದ್ದೆ" ಅಂದರು. ಬೈದರೋ ಬೇಜಾರು ಮಾಡಿಕೊಂಡರೋ ತಿಳಿಯಲಿಲ್ಲ.

ಈಗ ಬಿಸಿಲಿನ ಪ್ರಶ್ನೆ. ಮಧ್ಯಾಹ್ನ ಉಳಿದ ಎರಡೂ ಬಾಯಿ ತೆರೆದು ತೇಕುತ್ತಿವೆ. ರೆಕ್ಕೆ ಮೈಯಿಂದ ದೂರ ಹಿಡಿದು ನಿಲ್ಲುತ್ತವೆ. ರೋಗವಾ?

ಕೋಟೆಗಾಳಿ · ಏಪ್ರಿಲ್ 20

ಸೆಕೆ. ಕೋಳಿಗೆ ಬೆವರುವುದು ಗೊತ್ತಿಲ್ಲ. ಮೈ ಬಿಸಿ ಮೊದಲೇ 41 ಡಿಗ್ರಿ, ಹೊರಗೆ 39 ಆದರೆ ಪಾಪ ಎಲ್ಲಿಗೆ ಬಿಡಬೇಕು? ತೇಕಿಯೇ ತಂಪು ಮಾಡಿಕೊಳ್ಳುತ್ತೆ. ಜಾಲರಿಗೆ ಗೋಣಿಚೀಲ ಕಟ್ಟಿ, ಹನ್ನೊಂದಕ್ಕೊಮ್ಮೆ, ಎರಡಕ್ಕೊಮ್ಮೆ ನೀರು ಚಿಮುಕಿಸಿ. ಕುಡಿಯುವ ನೀರು ಪ್ಲಾಸ್ಟಿಕ್ಕಿನಲ್ಲಿ ಬೇಡ, ಮಣ್ಣಿನ ಬಾನಿಯಲ್ಲಿ ಎರಡು ಕಡೆ ಇಡಿ. ಬೇಸಿಗೆಯಲ್ಲಿ ಒಂದು ಕೋಳಿ ಅರ್ಧ ಲೀಟರ್ ಕುಡಿಯುತ್ತೆ. ಮೇವು ಬೆಳಿಗ್ಗೆ ಬೇಗ, ಸಂಜೆ ತಂಪಾದ ಮೇಲೆ. ಮಧ್ಯಾಹ್ನ ತಿಂದರೆ ಅರಗಿಸುವ ಬಿಸಿನೂ ಮೈಗೇ ಸೇರುತ್ತೆ. ನಮ್ಮ ಹಿತ್ತಲಲ್ಲಿ ಅರ್ಧ ಬಂಡೆ, ರಾತ್ರಿ ಹತ್ತಾದರೂ ಬಿಸಿ ಬಿಡುತ್ತಾ ಇರುತ್ತೆ. ಬೇಸಿಗೆ ಪೂರ್ತಿ ಗೂಡನ್ನು ಬೇವಿನ ಮರದಡಿಗೆ ಎಳೆದುಕೊಂಡು ಹೋಗುತ್ತೇನೆ. ಅದಕ್ಕೇ ಮೂರನೇ ಗೂಡಿಗೆ ಚಕ್ರ ಹಾಕಿಸಿದ್ದು.

ಎರಡೇ ಇಟ್ಟುಕೊಳ್ಳಬೇಡಿ. ಒಂದಕ್ಕೆ ಏನಾದರೂ ಆದರೆ ಉಳಿದದ್ದು ಒಂಟಿಯಾಗಿ ಕೊರಗುತ್ತೆ. ಇನ್ನೆರಡು ತನ್ನಿ, ಆದರೆ ತಂದ ದಿನವೇ ಒಳಗೆ ಬಿಡಬೇಡಿ. ಎರಡು ಮೂರು ವಾರ ಬೇರೆ ಕಡೆ ಇಟ್ಟು ಕೆಮ್ಮು, ಸಿಂಬಳ, ಹಸಿರು ಭೇದಿ ಇಲ್ಲ ಅಂತ ನೋಡಿ. ಆಮೇಲೆ ಜಾಲರಿ ಮಧ್ಯ ಇಟ್ಟು ಮುಖ ಪರಿಚಯ ಮಾಡಿಸಿ. ಬೆರೆಸಿದ ಮೇಲೂ ಒಂದು ವಾರ ಕಚ್ಚಾಟ ಇರುತ್ತೆ. ಅತ್ತೆ ಯಾರು, ಸೊಸೆ ಯಾರು ಅಂತ ತೀರ್ಮಾನ ಆಗಬೇಕಲ್ಲ.

ಹಿತ್ತಲಮನೆ · ಮೇ 28

ತತ್ತಿ!

ಪೆಟ್ಟಿಗೆಯಲ್ಲಿ ಅಲ್ಲ. ಅಮ್ಮನ ಒಗೆಯುವ ಕಲ್ಲಿನ ಹಿಂದೆ, ಒರೆಸುವ ಬಟ್ಟೆಯ ಬಕೆಟ್ಟಿನಲ್ಲಿ. ಬೆಣ್ಣೆಯದು. ನಿಂಬೆಹಣ್ಣಿಗಿಂತ ಸ್ವಲ್ಪ ದಪ್ಪ, ತಿಳಿ ಕಂದು, ಒಂದು ತುದಿಯಲ್ಲಿ ರಕ್ತದ ಗೆರೆ. ಮಗಳು ಅದನ್ನು ತಿನ್ನಲು ಬಿಡುತ್ತಿಲ್ಲ. ಫ್ರಿಜ್‌ನಲ್ಲಿ ಚೀಟಿ ಅಂಟಿಸಿ ಇಟ್ಟಿದ್ದಾಳೆ.

ಪಶು ಆಸ್ಪತ್ರೆಯಲ್ಲಿ ಇದ್ದವನು · ಮೇ 28

ಮೊದಲ ಮೊಟ್ಟೆ ಹಾಗೆಯೇ, ಸಣ್ಣದು. ಗೆರೆಗೆ ಗಾಬರಿ ಬೇಡ. ಪೆಟ್ಟಿಗೆಯಲ್ಲಿ ಒಂದು ಟೇಬಲ್ ಟೆನಿಸ್ ಚೆಂಡು ಇಡಿ. ಯಾರೋ ಇಟ್ಟಿದ್ದಾರೆ, ಜಾಗ ಸುರಕ್ಷಿತ ಎಂದು ನಂಬಿ ಅಲ್ಲಿಗೇ ಬರುತ್ತದೆ. ಇನ್ನು ಕಪ್ಪೆಚಿಪ್ಪಿನ ಪುಡಿ ಬೇರೆ ಬಟ್ಟಲಲ್ಲಿ ಇಡಿ, ಮೇವಿಗೆ ಬೆರೆಸಬೇಡಿ. ಬೇಕಾದಷ್ಟು ಅದೇ ತಿನ್ನುತ್ತದೆ.

ಹಿತ್ತಲಮನೆ · ಜುಲೈ 6

ಜಗಳ ಆಯ್ತು. ವಾಸನೆಗೆ.

ಹತ್ತು ದಿನ ಬಿಡದೆ ಜಿಟಿಜಿಟಿ ಮಳೆ. ಬಾನಿ ಹತ್ತಿರದ ಹೊಟ್ಟು ಒದ್ದೆಯಾಗಿ ಗಟ್ಟಿ ಹಪ್ಪಳ ಕಟ್ಟಿದೆ. ಹತ್ತಿರ ಹೋದರೆ ಕಣ್ಣು ಉರಿಯುತ್ತೆ. ಅಜ್ಜಿ ಗೋಡೆ ಮೇಲಿಂದ ನೋಡಿ, "ಪೂಜಿಗೆ ಕುಂತ್ರೆ ಊದಿನಕಡ್ಡಿ ವಾಸನಿ ಬರವಲ್ದು" ಅಂದರು. ಸಮಾಧಾನ ಮಾಡೋಣ ಅಂತ ಹೆಂಡತಿ ಒಂದು ಬುಟ್ಟಿ ಕೋಳಿ ಗೊಬ್ಬರ ಒಯ್ದು ಅವರ ಸೇವಂತಿಗೆ ಹಾಕಿದಳು. ನಾಲ್ಕು ದಿನಕ್ಕೆ ಎಲೆ ಅಂಚೆಲ್ಲ ಸುಟ್ಟ ಹಾಗೆ ಕಂದಾಗಿ ಮೂರು ಗಿಡ ಒಣಗಿಹೋಗಿವೆ. ಈಗ ಮಾತೇ ಬಂದ್.

ಕೋಟೆಗಾಳಿ · ಜುಲೈ 6

ಅಯ್ಯೋ. ಹಸಿ ಕೋಳಿ ಗೊಬ್ಬರ ಸಗಣಿ ಇದ್ದ ಹಾಗಲ್ಲ ತಮ್ಮಾ, ಯೂರಿಯಾ ಸುರಿದ ಹಾಗೆ. ಒಣ ಎಲೆ, ಹೊಟ್ಟು ಬೆರೆಸಿ ಗುಂಡಿಯಲ್ಲೋ ಡ್ರಮ್ಮಿನಲ್ಲೋ ಎರಡು ಮೂರು ತಿಂಗಳು ಕೊಳೆಯಲು ಬಿಡಬೇಕು. ಕೈಗೆ ತೆಗೆದುಕೊಂಡರೆ ಮಣ್ಣಿನ ವಾಸನೆ ಬರಬೇಕು, ಕೋಳಿಯದಲ್ಲ.

ವಾಸನೆಗೆ ಕಾರಣ ಕೋಳಿ ಅಲ್ಲ, ನೀರು. ಹಿಕ್ಕೆ ಒದ್ದೆಯಾದಾಗಲೇ ಅಮೋನಿಯಾ ಏಳುವುದು, ಕಣ್ಣು ಉರಿಯುವುದು ಅದಕ್ಕೇ. ನಿಮ್ಮ ಕಣ್ಣಿಗೇ ಹಾಗಾದರೆ ರಾತ್ರಿಯೆಲ್ಲ ಅಲ್ಲೇ ಉಸಿರಾಡುವ ಅವಕ್ಕೆ ಹೇಗಿರಬೇಡ? ಹಪ್ಪಳ ಕಟ್ಟಿದ್ದು ಕೆತ್ತಿ ತೆಗೆಯಿರಿ, ಕೆಳಗೆ ಸುಣ್ಣದ ಪುಡಿ ತೆಳುವಾಗಿ ಉದುರಿಸಿ, ಹೊಸ ಹೊಟ್ಟು ಹಾಕಿ. ವಾರಕ್ಕೊಮ್ಮೆ ಹೊಟ್ಟನ್ನು ಮಗುಚಿ. ಬಾನಿ ಗೂಡಿನ ಹೊರಗೆ, ಇಟ್ಟಿಗೆ ಮೇಲೆ, ಕೋಳಿಯ ಬೆನ್ನಿನ ಎತ್ತರಕ್ಕೆ ಇಡಿ. ಆಗ ಕೆದಕಿ ಚೆಲ್ಲುವುದಿಲ್ಲ. ಮಾಡು ಒಂದೂವರೆ ಅಡಿ ಮುಂದೆ ಚಾಚಿಸಿ.

ಕಬ್ಬಿಣದ ಕೆಲಸ · ಜುಲೈ 7

ಮಾಡು ಚಾಚುವುದು ನನ್ನ ಲೆಕ್ಕ. ಇಳಿಜಾರು ಅಜ್ಜಿ ಗೋಡೆ ಕಡೆ ಇರುವುದನ್ನು ನಿಮ್ಮ ಚರಂಡಿ ಕಡೆಗೆ ತಿರುಗಿಸೋಣ. ಅವತ್ತೇ ಹೇಳಿದ್ದೆ, ನೀವು ನುಗ್ಗೆ ಕೊಂಬೆ ಅಡ್ಡ ಬರುತ್ತೆ ಅಂದಿರಿ.

ಬಾಡಿಗೆಮನೆ · ಜುಲೈ 7

ಸೇವಂತಿಗೆ ಸಸಿ ಮೂರು ತಂದುಕೊಡಿ ಅಣ್ಣ, ಗೊಬ್ಬರ ಬೇಡ.

ಸುಮ್ನೆ ಓದುವವ, ಹೊಳಲ್ಕೆರೆ · ಜುಲೈ 9

ಜನವರಿಯಿಂದ ಓದುತ್ತಿದ್ದೇನೆ. ಒಂದು ಭಯ ಇದೆ, ಹಕ್ಕಿಜ್ವರ ಬಂದರೆ ಹಿತ್ತಲ ಕೋಳಿಗೂ ಬರುತ್ತಾ?

ಪಶು ಆಸ್ಪತ್ರೆಯಲ್ಲಿ ಇದ್ದವನು · ಜುಲೈ 9

ಬರುತ್ತದೆ. 2020ರ ಮಾರ್ಚ್‌ನಲ್ಲಿ ಮೈಸೂರಿನಲ್ಲಿ ದೃಢಪಟ್ಟಾಗ ಸುತ್ತಲ ಮನೆಗಳಲ್ಲಿ ಸಾಕಿದ ಕೋಳಿಗಳನ್ನೂ ಬಿಡಲಿಲ್ಲ. ಮೇವಿನ ತಟ್ಟೆಗೆ ಕಾಗೆ, ಪಾರಿವಾಳ ಬಾಯಿ ಹಾಕದ ಹಾಗೆ ನೋಡಿಕೊಳ್ಳಿ. ಗೂಡಿಗೆ ಬೇರೆ ಚಪ್ಪಲಿ ಇಡಿ. ಮುಟ್ಟಿದ ಮೇಲೆ ಸೋಪು. ಒಂದೆರಡು ದಿನದಲ್ಲಿ ಕಾರಣ ತಿಳಿಯದೆ ಮೂರು ನಾಲ್ಕು ಸತ್ತರೆ ಕೊಯ್ದು ನೋಡಲು ಹೋಗಬೇಡಿ, ಚರಂಡಿಗೆ ಎಸೆಯಬೇಡಿ. ಪಶುಪಾಲನಾ ಇಲಾಖೆಗೆ ತಿಳಿಸಿ.

ಹಿತ್ತಲಮನೆ · ಅಕ್ಟೋಬರ್ 26

ಬಹಳ ದಿನ ಆಯ್ತು. ಈಗ ನಾಲ್ಕಿವೆ: ಬೆಣ್ಣೆ, ಮಂಡಕ್ಕಿ, ಆಗಸ್ಟ್‌ನಲ್ಲಿ ತಂದ ಎರಡು. ಬಾನಿ ಹೊರಗೆ ಹೋದ ಮೇಲೆ ವಾಸನೆ ಇಲ್ಲ ಅಂತ ನಾನು ಹೇಳುತ್ತೇನೆ. ಅಜ್ಜಿ ಇದೆ ಅನ್ನುತ್ತಾರೆ. ಸೇವಂತಿಗೆ ಸಸಿ ಕೊಟ್ಟೆ, ತೆಗೆದುಕೊಂಡರು, ಮಾತು ಅರ್ಧ ಶುರುವಾಗಿದೆ. ಮೊನ್ನೆ ಗೋಡೆ ಮೇಲೆ ಒಂದು ತಟ್ಟೆ ಇತ್ತು, ಆರಿಸಿ ಉಳಿದ ಅಕ್ಕಿ ನುಚ್ಚು. ಯಾರಿಗೆ ಅಂತ ಕೇಳಿದರೆ "ಚೆಲ್ಲೋದು ಯಾಕಂತ ಇಟ್ಟೆ" ಅಂದರು. ಕೋಳಿ ಅನ್ನುವ ಪದ ಅವರ ಬಾಯಲ್ಲಿ ಬರಲಿಲ್ಲ.

ಹೊಸಬೆ ಒಬ್ಬಳು ನಿನ್ನೆ ಗೋಡೆ ಹಾರಿ ತುಳಸಿ ಕಟ್ಟೆ ಹತ್ತಿದ್ದಾಳೆ. ಅಜ್ಜಿ ದೇವಸ್ಥಾನಕ್ಕೆ ಹೋಗಿದ್ದರು, ಬರುವುದರೊಳಗೆ ಮಗಳು ಇಳಿಸಿಕೊಂಡು ಬಂದಳು. ರೆಕ್ಕೆ ಕತ್ತರಿಸುವುದು ಹೇಗೆ, ಬೇಗ ಹೇಳಿ.

ಕೋಟೆಗಾಳಿ · ಅಕ್ಟೋಬರ್ 26

ಒಂದೇ ಕಡೆಯ ರೆಕ್ಕೆ. ಬಿಡಿಸಿ ಹಿಡಿದರೆ ಹೊರಗಿನ ಹತ್ತು ಉದ್ದ ಗರಿ ಕಾಣುತ್ತೆ, ಅವನ್ನು ಮೇಲಿನ ಸಣ್ಣ ಗರಿಯ ಸಾಲಿನಿಂದ ಒಂದು ಇಂಚು ಬಿಟ್ಟು ಕತ್ತರಿಸಿ. ಬುಡ ಕಪ್ಪಗೆ, ರಕ್ತ ತುಂಬಿದ ಹಾಗೆ ಕಂಡ ಗರಿ ಮುಟ್ಟಬೇಡಿ. ಒಬ್ಬರು ಟವಲ್ಲಿನಲ್ಲಿ ಸುತ್ತಿ ಹಿಡಿದುಕೊಳ್ಳಿ. ನೋವಾಗಲ್ಲ, ನಮ್ಮ ಉಗುರು ಕತ್ತರಿಸಿದ ಹಾಗೆ. ಗರಿ ಉದುರಿ ಹೊಸದು ಬಂದ ಮೇಲೆ ಮತ್ತೆ ಮಾಡಬೇಕು. ಆ ಹೊತ್ತಲ್ಲಿ ಎರಡು ಮೂರು ತಿಂಗಳು ತತ್ತಿನೂ ನಿಲ್ಲುತ್ತೆ, ಆಗ ರೋಗ ಅಂತ ಇಲ್ಲಿಗೆ ಓಡಿ ಬರಬೇಡಿ.

ಹಳೇಪೇಟೆ ಹುಡುಗ · ಅಕ್ಟೋಬರ್ 26

ಅಣ್ಣಾ, ಮಿರ್ಚಿ ಹೇಗಿದ್ದಾನೆ?

ಹಿತ್ತಲಮನೆ · ಅಕ್ಟೋಬರ್ 27

ಚಿಕ್ಕಮ್ಮ ಫೋನ್ ಎತ್ತುತ್ತಿಲ್ಲ.